ಗುಜರಿ ಕಂಪ್ಯೂಟರ್‌ಗೆ ತೋಟದ ದಾಖಲೆ ಒಪ್ಪಿಸಿದೆ

ಹೋದ ವರ್ಷ ಜನವರಿ, ಕೊಯ್ಲಿನ ಗಡಿಬಿಡಿ. ಪಲ್ಪರ್ ತೊಟ್ಟಿ ಮೇಲೆ ಬಗ್ಗಿದಾಗ ಅಂಗಿ ಜೇಬಿನಿಂದ ಫೋನು ಜಾರಿ ನೀರಿಗೆ ಬಿತ್ತು. ಒರೆಸಿ, ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಮೂರು ದಿನ ಕಾದೆ. ಏಳಲಿಲ್ಲ.

ಫೋನು ಹೋದರೆ ಇನ್ನೊಂದು ತರಬಹುದು. ಅದರೊಳಗೆ ಎರಡು ವರ್ಷದ ತೋಟದ ದಾಖಲೆ ಇತ್ತು. ಕಾಂಡಕೊರಕ ಬಿದ್ದು ಕಿತ್ತು ಸುಟ್ಟ ಅರೇಬಿಕಾ ಗಿಡಗಳ ಫೋಟೊ, ಮೆಣಸಿಗೆ ಬೋರ್ಡೋ ಹೊಡೆದ ದಿನ, ಮೈಲುತುತ್ತ ತಂದ ಬಿಲ್ಲು, ಕಾಂಪೋಸ್ಟ್ ಗುಂಡಿಯ ಲೆಕ್ಕ. "ಕ್ಲೌಡ್‌ನಲ್ಲಿ ಇರತ್ತಲ್ಲ" ಅಂತೀರಿ. ನಾನೂ ಹಾಗೇ ಅಂದ್ಕೊಂಡಿದ್ದೆ. ಉಚಿತವಾಗಿ ಕೊಟ್ಟ ಜಾಗ ತುಂಬಿ, ಹೊಸ ಫೋಟೊ ಮೇಲೆ ಹೋಗೋದು ನಿಂತು ಎಂಟು ತಿಂಗಳಾಗಿತ್ತು. ಎಚ್ಚರಿಕೆ ಬಂದಾಗಲೆಲ್ಲ "ಆಮೇಲೆ" ಅಂತ ಒತ್ತಿದ್ದು ನಾನೇ.

ನಮ್ಮದು ಕಳಸದ ಕಡೆ, ಸಾವಯವಕ್ಕೆ ಬದಲಾಗುತ್ತಿರುವ ತೋಟ. ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿ 3 ವರ್ಷ. ತಪಾಸಣೆಗೆ ಬಂದವರಿಗೆ ಬಾಯಿಮಾತು ಸಾಲದು, ತಾರೀಕು, ಬಿಲ್ಲು ಬೇಕು. ಕಾಫಿ ಯುರೋಪಿಗೆ ಹೋಗುವುದಾದರೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಲ್ಲ ಅಂತ ತೋರಿಸಿ, ತೋಟದ ನಕ್ಷೆಯ ಗುರುತನ್ನೂ ಕೊಡಬೇಕು ಅನ್ನುವುದು ಅಲ್ಲಿನ ಹೊಸ ನಿಯಮ. ಇನ್ನು ಮುಂದೆ ದಾಖಲೆಯೂ ಒಂದು ಬೆಳೆಯೇ.

ಅವತ್ತು ಉಳಿದದ್ದು ಅಪ್ಪನ ಮಳೆ ಪುಸ್ತಕ ಒಂದೇ. ಗೋಡೆ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಹಳೇ ನೋಟ್‌ಬುಕ್. ಹೂಮಳೆ ಯಾವತ್ತು ಬಂತು, ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಸಿಕ್ಕಿತು, ಎಲ್ಲ ಇಂಚು-ಸೆಂಟ್ ಲೆಕ್ಕದಲ್ಲಿ ಅದರಲ್ಲಿದೆ. "ನಿನ್ನ ಫೋನಿಗಿಂತ ನನ್ನ ಮೊಳೆ ಗಟ್ಟಿ ಕಣೋ" ಅಂದ್ರು ಅಪ್ಪ. ನನ್ನ ಹತ್ರ ಉತ್ತರ ಇರಲಿಲ್ಲ.

ಸರ್ವರ್ ಅಂದ್ರೆ ಹೆದರಬೇಡಿ

ಮನೆ ಮೂಲೆಯಲ್ಲಿ ಸದಾ ಚಾಲೂ ಇರುವ ಒಂದು ಕಂಪ್ಯೂಟರ್, ಅಷ್ಟೇ. ಒಮ್ಮೆ ಸಿದ್ಧ ಮಾಡಿದ ಮೇಲೆ ಮಾನಿಟರ್, ಕೀಬೋರ್ಡ್ ಬೇಡ. ನೀವು ಮನೆಗೆ ಬಂದು ಫೋನು ವೈಫೈಗೆ ಸೇರಿದ ಕೂಡಲೇ ಅವತ್ತಿನ ಫೋಟೊ, ಬಿಲ್ಲು ತಾನಾಗಿಯೇ ಅದರೊಳಗೆ ಹೋಗಿ ಕೂರುತ್ತವೆ. ಇದಕ್ಕೆ ಇಂಟರ್ನೆಟ್ ಬೇಡ, ಮನೆಯ ರೂಟರ್ ಸಾಕು. ಆಷಾಢದಲ್ಲಿ ವಾರಗಟ್ಟಲೆ ನೆಟ್ ಹೋಗುವ ನಮ್ಮಂಥ ಊರಿಗೆ ಇದೇ ದೊಡ್ಡ ಅನುಕೂಲ.

ಹಳೇ ಮಿಶನ್ನು ಅಗ್ಗವಾಗಿರುವುದಕ್ಕೂ ಕಾರಣವಿದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಹಾಕಲು ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಹಾಗಾಗಿ ಕಂಪನಿಗಳು 6, 7ನೇ ತಲೆಮಾರಿನ ಮಿಶನ್ ಹೊರಗೆ ಹಾಕುತ್ತಿವೆ. ಅವೇನೂ ಕೆಟ್ಟಿಲ್ಲ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದರೆ ಚೆನ್ನಾಗಿ ದುಡಿಯುತ್ತವೆ.

ನಾನು ತಂದದ್ದು

ಕೊಯ್ಲು ಮುಗಿಸಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ದಪ್ಪ ಪುಸ್ತಕದಷ್ಟೇ ಇರುವ ಮಿನಿ ಪಿಸಿ, 6ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಅಡಾಪ್ಟರ್ ಸೇರಿ 8,500 ರೂಪಾಯಿ. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಯಾವುದಾದರೂ ಆದೀತು. ಸುಮ್ಮನೆ ಚಾಲೂ ಇದ್ದಾಗ 10ರಿಂದ 15 ವಾಟ್ ಎಳೆಯುತ್ತದೆ. 15 ವಾಟ್ ಅಂತ ಹಿಡಿದರೂ ತಿಂಗಳಿಗೆ 11 ಯೂನಿಟ್. ಹಳೇ ದೊಡ್ಡ ಡಬ್ಬ ಸಿಪಿಯು ಇದರ ಮೂರು-ನಾಲ್ಕು ಪಟ್ಟು ತಿನ್ನಬಹುದು.

ಅಂಗಡಿಯಲ್ಲೇ ಇಷ್ಟು ನೋಡ್ಕೊಳ್ಳಿ:

- ಆನ್ ಮಾಡಿಸಿ ಬಯೋಸ್ ತೆಗೆಸಿ. ಹಳೇ ಕಂಪನಿಯ ಪಾಸ್‌ವರ್ಡ್ ಇದ್ದರೆ ಬೇಡ ಅನ್ನಿ.
- ಅದೇ ಕಂಪನಿಯ ಅಡಾಪ್ಟರ್ ಕೇಳಿ. ಬೇರೆಯದು ಹಾಕಿದರೆ ಕೆಲವು ಮಿಶನ್ ನಿಧಾನವಾಗುತ್ತವೆ.
- ತಾರೀಕು ಹಿಂದೆ ಹೋಗಿದ್ದರೆ ಒಳಗಿನ ಸಿಆರ್2032 ನಾಣ್ಯ ಬ್ಯಾಟರಿ ಸತ್ತಿದೆ ಅಂತ. ಅದನ್ನು ಬದಲಾಯಿಸೋದು ಸುಲಭ.
- ಡಿಸ್ಕ್ ಮಾತ್ರ ಹೊಸದೇ ತನ್ನಿ.

ಕೊನೆಯದನ್ನು ಕಲಿತದ್ದು ಕೈ ಸುಟ್ಟುಕೊಂಡು. ಅಗ್ಗಕ್ಕೆ ಸಿಕ್ಕ ಹಳೇ ಹಾರ್ಡ್ ಡಿಸ್ಕ್ ಹಾಕಿದೆ. ಇಪ್ಪತ್ತು ದಿನಕ್ಕೆ ಟಕ್ ಟಕ್ ಶಬ್ದ ಶುರುವಾಯ್ತು. ಆಮೇಲೆ ಸ್ಮಾರ್ಟ್ ವರದಿ ತೆಗೆದು ನೋಡಿದರೆ ಆ ಡಿಸ್ಕು ಅಷ್ಟೊತ್ತಿಗೆ 41,000 ಗಂಟೆ ಓಡಿತ್ತು. ಅಂದ್ರೆ ಬಿಡುವಿಲ್ಲದೆ ನಾಲ್ಕೂವರೆ ವರ್ಷಕ್ಕಿಂತ ಹೆಚ್ಚು. "ಎಂತಕ್ಕೆ ಮಾರಾಯ ಈ ಗುಜರಿ?" ಅಂತ ಅಮ್ಮ ಕೇಳಿದ್ದೂ ಅವತ್ತೇ. ಗುಜರಿಯಲ್ಲಿ ಪ್ರೊಸೆಸರ್ ತಗೊಳ್ಳಬಹುದು, ನೆನಪನ್ನು ಇಡೋಕೆ ಹೊಸ ಡಿಸ್ಕೇ ಬೇಕು.

ಮನೆಯಲ್ಲೇ ಹಳೇ ಲ್ಯಾಪ್‌ಟಾಪ್ ಇದ್ದರೆ ಅದರಲ್ಲೇ ಶುರು ಮಾಡಿ. ಕರೆಂಟ್ ಹೋದರೂ ಅದರ ಬ್ಯಾಟರಿ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದರೆ ಬ್ಯಾಟರಿ ಉಬ್ಬಿದ್ದರೆ ಬಳಸಲೇಬೇಡಿ, ಬೆಂಕಿಯ ಅಪಾಯ.

ಒಳಗೆ ಏನು ಹಾಕೋದು

ನಾನು ಡೆಬಿಯನ್ ಲಿನಕ್ಸ್ ಹಾಕಿದೆ. ಫೋಟೊಗೆ ಇಮ್ಮಿಚ್, ಬಿಲ್ಲು ಮತ್ತು ಲೆಕ್ಕದ ಫೈಲಿಗೆ ಸಿಂಕ್‌ಥಿಂಗ್. ಎಲ್ಲವೂ ಉಚಿತ. ಇಮ್ಮಿಚ್‌ಗೆ 8 ಜಿಬಿ ರ‍್ಯಾಮ್ ಇದ್ದರೆ ಒಳ್ಳೇದು. ನನಗೆ ಎರಡು ಭಾನುವಾರ ಹಿಡಿಯಿತು. ಯೂಟ್ಯೂಬ್ ನೋಡಿ ಪಂಪ್‌ಸೆಟ್ ಬಿಚ್ಚಿ ಜೋಡಿಸುವವರಿಗೆ ಇದು ಕಷ್ಟ ಅಲ್ಲ.

ಪೇಟೆಯಿಂದಲೂ ನೋಡಬೇಕು ಅಂತ ರೂಟರ್‌ನಲ್ಲಿ ಪೋರ್ಟ್ ತೆಗೆಯಬೇಡಿ. ಅದು ಗೇಟು ತೆಗೆದಿಟ್ಟು ಮಲಗಿದ ಹಾಗೆ. ಟೇಲ್‌ಸ್ಕೇಲ್‌ನಂಥ ವ್ಯವಸ್ಥೆ ಹಾಕಿಕೊಂಡರೆ ನಿಮ್ಮ ಫೋನಿಗೆ ಮಾತ್ರ ದಾರಿ.

ಮಲೆನಾಡಿಗೆ ಬೇಕಾದ ಎಚ್ಚರ

ಬಯೋಸ್‌ನಲ್ಲಿ "ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗು" ಅನ್ನುವ ಆಯ್ಕೆ ಇರುತ್ತದೆ, ಹಾಕಿಡಿ. ಸಣ್ಣ ಯುಪಿಎಸ್ ಇರಲಿ. ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲಿಗೆ ಯುಪಿಎಸ್ ನಂಬಬೇಡಿ. ಮೋಡ ಕಟ್ಟುವಾಗಲೇ ಮಿಶನ್ ಬಂದ್ ಮಾಡಿ ಪ್ಲಗ್, ಲ್ಯಾನ್ ತಂತಿ ಎರಡೂ ಕಿತ್ತಿಡಿ. ಮಳೆ ಹೊಡೆಯುವ ಹೊರಗೋಡೆಗೆ ಒರಗಿಸದೆ ಒಳಗೋಡೆಯ ಶೆಲ್ಫಿನಲ್ಲಿಡಿ. ಚಾಲೂ ಇದ್ದರೆ ಅದರ ಬಿಸಿಗೇ ಥಂಡಿ ಅಷ್ಟಾಗಿ ಹಿಡಿಯುವುದಿಲ್ಲ. ತಿಂಗಳುಗಟ್ಟಲೆ ಆಫ್ ಮಾಡಿಟ್ಟರೆ ಬೂಷ್ಟು.

ಎರಡನೇ ಪ್ರತಿ ಎಲ್ಲಿದೆ?

ಇದು ಎಲ್ಲಕ್ಕಿಂತ ಮುಖ್ಯ. ಸರ್ವರ್ ತಂದ ಮಾತ್ರಕ್ಕೆ ದಾಖಲೆ ಉಳಿಯಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದು ಮನೆ, ತೋಟ ಹೋದದ್ದನ್ನು ನಾವು ಕಂಡಿದ್ದೇವೆ. ಮನೆಯೇ ಹೋದರೆ ಮೂಲೆಯಲ್ಲಿದ್ದ ಮಿಶನ್ ಉಳಿಯುತ್ತದೆಯೇ?

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲಿ. ಇದು ಕಂಪ್ಯೂಟರ್‌ನವರ ಹಳೇ ಸೂತ್ರ. ನಮ್ಮಲ್ಲಿ ಫೋನಿನಲ್ಲಿ ಒಂದು, ಸರ್ವರ್‌ನಲ್ಲಿ ಒಂದು, ಚಿಕ್ಕಮಗಳೂರಿನ ಅಕ್ಕನ ಮನೆಯ ಬೀರುವಿನಲ್ಲಿರುವ ಹಾರ್ಡ್ ಡಿಸ್ಕಿನಲ್ಲಿ ಒಂದು. ತಿಂಗಳಿಗೊಮ್ಮೆ ಆ ಡಿಸ್ಕ್ ಮನೆಗೆ ಬಂದು ತುಂಬಿಕೊಂಡು ವಾಪಸ್ ಹೋಗುತ್ತದೆ. ಹೋದ ಮಳೆಗಾಲಕ್ಕೆ ಮುಂಚೆಯೇ ತಲುಪಿಸಿದೆ. ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿಯಲು ಶುರುವಾದರೆ ಆಮೇಲೆ ಆಗದ ಕೆಲಸ ಅದು.

ಮೊದಲು ತುಂಬಿಸಿದ್ದು ಅಪ್ಪನ ಮಳೆ ಪುಸ್ತಕ. ಒಂದೊಂದೇ ಪುಟ ಫೋಟೊ ತೆಗೆದೆ. ಹಳೇ ಪುಟಗಳ ಅಂಚನ್ನು ಆಗಲೇ ಹುಳು ತಿಂದಿತ್ತು. ಮೊಳೆ ಗಟ್ಟಿಯಿದ್ದರೂ ಕಾಗದ ಗಟ್ಟಿಯಿರಲಿಲ್ಲ. ಅದನ್ನು ತೋರಿಸಿದಾಗ ಅಪ್ಪ ಏನೂ ಹೇಳಲಿಲ್ಲ. ಮಾರನೇ ದಿನ ಮಳೆ ಬರೆದು, "ಇದನ್ನೂ ಹೊಡ್ಕೋ" ಅಂತ ಪುಸ್ತಕ ನನ್ನ ಮುಂದಿಟ್ಟರು. ಈಗಲೂ ಹಾಗೇ ನಡೀತಿದೆ.

ಕಳೆದುಹೋದ ಎರಡು ವರ್ಷದ ಫೋಟೊ ವಾಪಸ್ ಬರಲಿಲ್ಲ. ಅಂಗಡಿಗಳಿಂದ ಬಿಲ್ಲಿನ ನಕಲು ತಂದು ಅರ್ಧ ಲೆಕ್ಕ ಕೂಡಿಸಿದೆ, ಉಳಿದದ್ದು ಹೋಯ್ತು. ನಿಮಗೆ ಹಾಗಾಗಬಾರದು. ಮಿಶನ್ ತರೋದು ನಿಧಾನಕ್ಕೆ ಆಗಲಿ. ಇವತ್ತು ರಾತ್ರಿ ಊಟಕ್ಕೆ ಮುಂಚೆ ಫೋನ್ ತೆಗೆದು, ಕೊನೆಯ ಬ್ಯಾಕಪ್ ಯಾವ ತಾರೀಕಿನದು ಅಂತ ಒಮ್ಮೆ ನೋಡಿಬಿಡಿ.