ಸಂಶೋಧಕನ ಹಿರಿಮೆಯನ್ನು ಅಳೆಯುವ ಬಗೆ

ಪರೀಕ್ಷೆ ಮುಗಿದೊಡನೆ ನಾವು ಅಂಕಪಟ್ಟಿಯ ದಾರಿ ಕಾಯುತ್ತೇವೆ. ಆದರೆ ರೋಗಗಳ ಕಾರಣವನ್ನು ಹುಡುಕುವುದರಲ್ಲೇ ಬಾಳನ್ನು ಸವೆಸುವ ವೈದ್ಯವಿಜ್ಞಾನಿಗೆ ಅಂಕ ಕೊಡುವವರಾರು? ಅವನ ಕೆಲಸದ ಬೆಲೆಯನ್ನು ಲೋಕವು ಹೇಗೆ ತಿಳಿಯುತ್ತದೆ? ಇದನ್ನು ಕುರಿತು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಸಂಶೋಧಕನು ತಾನು ಕಂಡುಕೊಂಡುದನ್ನು ಶಾಸ್ತ್ರೀಯ ಪತ್ರಿಕೆಯಲ್ಲಿ ಲೇಖನರೂಪವಾಗಿ ಪ್ರಕಟಿಸುತ್ತಾನೆ. ಪ್ರಕಟಣೆಗೆ ಮುನ್ನ ಆ ವಿಷಯವನ್ನು ಬಲ್ಲ ಇತರರು ಅದನ್ನು ಪರಿಶೀಲಿಸುವುದು ವಾಡಿಕೆ. ಮುಂದೆ ಬೇರೊಬ್ಬನು ಆ ಲೇಖನದ ನೆರವನ್ನು ಪಡೆದು ಬರೆದಾಗ, ಅದರ ಹೆಸರನ್ನು ತನ್ನ ಬರೆಹದಲ್ಲಿ ಕಾಣಿಸುತ್ತಾನೆ. ಇದೇ ಉಲ್ಲೇಖ, ಒಂದು ಬಗೆಯ ಋಣಸ್ವೀಕಾರವೆಂದೇ ಹೇಳಬಹುದು. ಈ ಉಲ್ಲೇಖಗಳನ್ನೆಲ್ಲ ಒಂದೆಡೆ ಕೂಡಿಸಿ ಸೂಚಿಯನ್ನು ರಚಿಸಬೇಕೆಂದು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಸಲಹೆಯಿತ್ತರು. 1964ರಲ್ಲಿ ಅವರ ಸಂಸ್ಥೆಯಿಂದಲೇ ಅಂತಹ ಸೂಚಿ ಹೊರಬಂದಿತು.

2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ 'ಎಚ್-ಸೂಚ್ಯಂಕ'ವೆಂಬ ಇನ್ನೊಂದು ಅಳತೆಯನ್ನು ಮುಂದಿಟ್ಟರು. ಒಬ್ಬನ ಐದು ಲೇಖನಗಳಿಗೆ ಅನುಕ್ರಮವಾಗಿ 40, 12, 5, 4 ಮತ್ತು 1 ಉಲ್ಲೇಖಗಳು ದೊರೆತಿವೆಯೆನ್ನೋಣ. ಕನಿಷ್ಠ ನಾಲ್ಕು ಉಲ್ಲೇಖಗಳನ್ನು ಪಡೆದ ಲೇಖನಗಳು ನಾಲ್ಕಿವೆ. ಐದು ಉಲ್ಲೇಖಗಳನ್ನು ಪಡೆದ ಲೇಖನಗಳು ಐದಿಲ್ಲ. ಆದುದರಿಂದ ಅವನ ಸೂಚ್ಯಂಕ 4. ಬರಿಯ ಲೇಖನಗಳ ರಾಶಿಗಾಗಲಿ, ಒಂದೇ ಪ್ರಸಿದ್ಧ ಲೇಖನಕ್ಕಾಗಲಿ ಇದು ಸುಲಭವಾಗಿ ಮಣಿಯುವುದಿಲ್ಲ.

ಈ ಅಳತೆಗಳಿಗೂ ಕೊರತೆಗಳುಂಟು. ಒಂದು ಲೇಖನವನ್ನು ಖಂಡಿಸಲು ಹೆಸರಿಸಿದರೂ ಅದು ಉಲ್ಲೇಖವೇ; ತನ್ನ ಲೇಖನವನ್ನು ತಾನೇ ಹೆಸರಿಸಿಕೊಂಡರೂ ಉಲ್ಲೇಖವೇ. ಪ್ರೋಟೀನನ್ನು ಅಳೆಯುವ ವಿಧಾನವನ್ನು ತಿಳಿಸಿದ ಲೌರಿ ಮತ್ತು ಸಂಗಡಿಗರ 1951ರ ಲೇಖನವು ಮೂರು ಲಕ್ಷಕ್ಕೂ ಮಿಕ್ಕಿ ಉಲ್ಲೇಖಗಳನ್ನು ಪಡೆದಿದೆ. ಪ್ರಯೋಗಶಾಲೆಗಳಿಗೆಲ್ಲ ಅದು ಬೇಕಾದ ಸಾಧನವಾದುದೇ ಇದಕ್ಕೆ ಕಾರಣ. ಇನ್ನು ಕೆಲವು ಲೇಖನಗಳಾದರೋ ಬಹುಕಾಲ ಓದುಗರಿಗಾಗಿ ಕಾದಿರಬೇಕಾಗುತ್ತದೆ.

ಕಲ್ಕತ್ತೆಯ ಡಾ. ಶಂಭುನಾಥ ಡೇ ಅವರ ಕಥೆ ಇದಕ್ಕೆ ನಿದರ್ಶನ. ಕಾಲರಾ ರೋಗದ ಜೀವಾಣುವು ವಿಷವೊಂದನ್ನು ಸ್ರವಿಸುತ್ತಿರಬೇಕೆಂದು ರಾಬರ್ಟ್ ಕಾಖ್ 1884ರಲ್ಲಿಯೇ ಊಹಿಸಿದ್ದರು. ಆದರೆ ಅದನ್ನು ಸಿದ್ಧಪಡಿಸಿದವರಿರಲಿಲ್ಲ. ಡೇ ಅವರು ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ಅದರೊಳಗೆ ಜೀವಾಣುಗಳನ್ನು ಚುಚ್ಚಿದರು. ಕರುಳು ನೀರು ತುಂಬಿ ಉಬ್ಬಿತು. ಬಳಿಕ ಜೀವಾಣುಗಳನ್ನು ಸೋಸಿ ತೆಗೆದ ದ್ರವವನ್ನೇ ಚುಚ್ಚಿದರು, ಆಗಲೂ ಉಬ್ಬಿತು! ವಿಷವು ಜೀವಾಣುವಿನಿಂದ ಹೊರಬಂದುದೆಂಬುದು ಹೀಗೆ ಸಿದ್ಧವಾಯಿತು. ಇದು 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಮೊದಮೊದಲು ಈ ಲೇಖನಕ್ಕೆ ತಕ್ಕ ಗಮನ ದೊರೆಯಲಿಲ್ಲ. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಗೋಷ್ಠಿಗೆ ಅವರಿಗೆ ಆಹ್ವಾನ ಬಂದಾಗ ಅವರು ನಿವೃತ್ತರಾಗಿ ಐದು ವರ್ಷಗಳಾಗಿದ್ದವು. 1985ರಲ್ಲಿ ಅವರು ತೀರಿಕೊಂಡರು. ಮರುವರ್ಷ ಗಾರ್ಫೀಲ್ಡರೇ ಉಲ್ಲೇಖಗಳ ಜಾಡನ್ನು ಹಿಡಿದು, ಕಾಲರಾ ಸಂಶೋಧನೆಗೆ ಡೇ ಅವರ ಕೊಡುಗೆಯೆಷ್ಟೆಂಬುದನ್ನು ವಿವರಿಸಿ ಬರೆದರು. 1990ರಲ್ಲಿ ನಮ್ಮ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯು ಅವರ ನೆನಪಿಗೆ ವಿಶೇಷ ಸಂಚಿಕೆಯನ್ನು ಅರ್ಪಿಸಿತು. ಗೌರವವೇನೋ ಬಂದಿತು; ಅದನ್ನು ಕೈನೀಡಿ ಸ್ವೀಕರಿಸಲು ಅವರಿರಲಿಲ್ಲ.

ಎಣಿಕೆಯನ್ನು ನಾವು ಹಳಿಯಬೇಕಾಗಿಲ್ಲ. ಮರೆತವರನ್ನು ಮತ್ತೆ ನೆನಪಿಗೆ ತಂದುದರಲ್ಲಿ ಅದಕ್ಕೂ ಪಾಲುಂಟು. ಆದರೆ ಎಣಿಕೆ ಬರುವುದು ತಡವಾಗಿ. ಆದಕಾರಣ ವಿದ್ವಾಂಸರ ಬೆಲೆಕಟ್ಟುವವರು ಅಂಕಿಗಳನ್ನು ನೋಡುವುದರೊಡನೆ ಲೇಖನವನ್ನೂ ತೆರೆದು ಓದಬೇಕು. ವಿದ್ಯಾರ್ಥಿಗಳಾದ ನಮಗೂ ಇಲ್ಲೊಂದು ಪಾಠವಿದೆ. ಪ್ರಬಂಧ ಬರೆಯುವಾಗ ಯಾರ ಪುಸ್ತಕದಿಂದ ವಿಷಯವನ್ನು ಪಡೆದೆವೋ ಅವರ ಹೆಸರನ್ನು ಕಾಣಿಸೋಣ. ಕೊಟ್ಟವರನ್ನು ನೆನೆಯುವುದು ವಿದ್ಯೆಯ ಮೊದಲ ಮರ್ಯಾದೆ.