ನಾಲ್ಕು ತಂತಿಯ ಯುಕುಲೇಲಿ, ಅಮ್ಮನ ಕಿವಿ

ಕೊರಿಯರ್ ಡಬ್ಬ ಬಂದಾಗ ಅಮ್ಮ ಹಾಸನದಿಂದ ಬಂದು ಎರಡು ದಿನ ಆಗಿತ್ತು. ಬಬಲ್ ರ‍್ಯಾಪ್ ಬಿಚ್ಚಿ ಯುಕುಲೇಲಿ ಹೊರಗೆ ತೆಗೆದೆ. 'ಇದೇನೇ, ಗಿಟಾರಿನ ಮರಿಯಾ?' ಅಂದಳು. ಆಮೇಲೆ ಬೀರುವಿನ ಮೇಲೆ ಒಮ್ಮೆ ಕಣ್ಣು ಹಾಯಿಸಿದಳು. ಮಾತಾಡಲಿಲ್ಲ, ಆದರೂ ನನಗೆ ಅರ್ಥವಾಯ್ತು. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಹಟ ಹಿಡಿದು ಕೊಡಿಸಿಕೊಂಡ ಗಿಟಾರ್ ಅಲ್ಲೇ ಮಲಗಿದೆ. ಸ್ಟೀಲ್ ತಂತಿ ಬೆರಳನ್ನು ಕೊಯ್ದು ಹಾಕಿತ್ತು. ಎಫ್ ಕಾರ್ಡ್ ಹಿಡಿಯೋಕೆ ಆಗದೆ ಮೂರೇ ವಾರಕ್ಕೆ ಬಿಟ್ಟಿದ್ದೆ.

ಹಾಗಾಗಿ ಈ ಸಲ ಹೆದರಿಕೆ ಇತ್ತು. ಮೂವತ್ತು ದಾಟುವ ಹೊತ್ತಿಗೆ ನಾವು ಎಷ್ಟು ವಿಷಯಗಳನ್ನು ಶುರು ಮಾಡಿ ಬಿಟ್ಟಿದ್ದೀವಿ ಅಂತ ಲೆಕ್ಕ ಹಾಕಿದರೆ ಎದೆ ಧಸಕ್ ಅನ್ನುತ್ತೆ. ಜಿಮ್, ಜರ್ಮನ್ ಭಾಷೆ, ಬಾಲ್ಕನಿಯ ಟೊಮೆಟೊ ಗಿಡ...

ಮೊದಲು ಕೊಳ್ಳೋ ವಿಚಾರ. ಯುಕುಲೇಲಿಯಲ್ಲಿ ಮುಖ್ಯವಾಗಿ ನಾಲ್ಕು ಅಳತೆ: ಸುಮಾರು 21 ಇಂಚಿನ ಸೊಪ್ರಾನೊ, 23ರ ಕಾನ್ಸರ್ಟ್, 26ರ ಟೆನರ್, 30ರ ಬ್ಯಾರಿಟೋನ್. ಕೊನೆಯದರ ಶ್ರುತಿಯೇ ಬೇರೆ, ಹೊಸಬರಿಗೆ ಬೇಡ. ಸೊಪ್ರಾನೊ ಮುದ್ದಾಗಿದೆ, ಆದರೆ ದೊಡ್ಡವರ ಬೆರಳಿಗೆ ಇಕ್ಕಟ್ಟು. ನಾನು ತಗೊಂಡಿದ್ದು ಕಾನ್ಸರ್ಟ್. ಬಣ್ಣ ಬಳಿದ ಆಟಿಕೆಯಂಥವನ್ನು ಮಾತ್ರ ಕೊಳ್ಳಬೇಡಿ. ಅವುಗಳ ಕಿವಿ, ಅಂದ್ರೆ ತಂತಿ ಬಿಗಿ ಮಾಡೋ ಬಿರಡೆ, ನಿಂತ ಕಡೆ ನಿಲ್ಲಲ್ಲ. ಅಂಗಡಿಗೆ ಹೋಗಿಯೇ ಕೊಳ್ಳೋದಾದರೆ ಒಂದು ಪರೀಕ್ಷೆ ಮಾಡಿ. ತಂತಿಯನ್ನು ಹಾಗೇ ಮೀಟಿ, ಆಮೇಲೆ 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಎರಡನೆಯದು ಮೊದಲಿನದರ ಸರಿಯಾಗಿ ಒಂದು ಸ್ಥಾಯಿ ಮೇಲಿನ ಸ್ವರ ಆಗಿರಬೇಕು. ಅಪಸ್ವರ ಬಂದರೆ ಕೆಳಗಿಟ್ಟು ಬನ್ನಿ.

ಇನ್ನು ಶ್ರುತಿ. ಬಲಗೈಯವರು ಹಿಡಿದಾಗ ಮೇಲಿನಿಂದ ಕೆಳಕ್ಕೆ ಜಿ, ಸಿ, ಇ, ಎ. ಗಿಟಾರಿನ ಹಾಗೆ ಮೇಲಿನ ತಂತಿ ದಪ್ಪ ದನಿಯದಲ್ಲ. ಎಲ್ಲಕ್ಕಿಂತ ಕೆಳಗಿನ ಸ್ವರ ಎರಡನೆಯ ತಂತಿ ಸಿ-ಯದು. ಯುಕುಲೇಲಿಗೆ ಆ ಚಿಲಿಪಿಲಿ ಗುಣ ಬರೋದರಲ್ಲಿ ಇದಕ್ಕೂ ಪಾಲಿದೆ. ಫೋನಿನಲ್ಲಿ ಟ್ಯೂನರ್ ಆ್ಯಪ್ ಹಾಕ್ಕೊಂಡು ಕೂತೆ. ಹತ್ತು ನಿಮಿಷ ನುಡಿಸೋದರೊಳಗೆ ಎಲ್ಲ ತಂತಿ ಇಳಿದುಹೋಗಿತ್ತು. ಮತ್ತೆ ಏರಿಸಿದೆ, ಮತ್ತೆ ಇಳಿಯಿತು. ಮೂರನೇ ದಿನ 'ರಿಟರ್ನ್' ಬಟನ್ ಮೇಲೆ ಬೆರಳಿಟ್ಟಿದ್ದೆ. ಅಸಲಿಗೆ ದೋಷ ವಾದ್ಯದ್ದಲ್ಲ. ಹೊಸ ನೈಲಾನ್ ತಂತಿ ಎಳೆದುಕೊಂಡು ಹದಕ್ಕೆ ಬರೋಕೆ ಕೆಲವು ದಿನ ಬೇಕೇ ಬೇಕು. ಇದನ್ನು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೀಬೇಕಿತ್ತು.

ಆ ಮೂರನೇ ದಿನವೇ ಅಡುಗೆಮನೆಯಿಂದ ಅಮ್ಮ ಕೂಗಿದಳು: 'ಗಾಂಧಾರ ಇಳಿದಿದೆ ನೋಡು.'

ಆ್ಯಪ್ ನೋಡಿದೆ. ಹೌದು, ಇ ತಂತಿ ಇಳಿದಿತ್ತು.

ಅಮ್ಮ ಮದುವೆಗೆ ಮುಂಚೆ ವೀಣೆಯಲ್ಲಿ ಜೂನಿಯರ್ ಪರೀಕ್ಷೆ ಪಾಸ್ ಮಾಡಿದ್ದಳು ಅನ್ನೋದು ನನಗೆ ಗೊತ್ತಿತ್ತು. ಅಜ್ಜಿ ಮನೆ ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟ ವೀಣೆಯನ್ನೂ ನೋಡಿದ್ದೆ. ಆದರೆ ಆ ಕಿವಿ ಇನ್ನೂ ಹಾಗೇ ಇದೆ ಅಂತ ಗೊತ್ತಿರಲಿಲ್ಲ. ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ನಾಲ್ಕು ತಂತಿಯನ್ನೂ ಮೀಟಿಸಿ ಕೇಳಿದಳು. ಸಿ-ಯನ್ನು ಷಡ್ಜ ಅಂದುಕೊಂಡರೆ ಇದು ಪ, ಸ, ಗ, ದ ಅಂತ ಅವಳ ತೀರ್ಪು. 'ರಿಷಭ ಒಂದಿದ್ದಿದ್ರೆ ಮೋಹನ ಆಗ್ತಿತ್ತು.'

ರಿಷಭ ಇತ್ತು. ಸಿ ತಂತಿಯ ಎರಡನೇ ಫ್ರೆಟ್‌ನಲ್ಲಿ.

ಅದಿರಲಿ, ಕಾರ್ಡ್‌ಗಳಿಗೆ ಬರೋಣ. ಮೊದಲ ತಿಂಗಳಿಗೆ ನಾಲ್ಕು ಸಾಕು. ಸಿ ಮೇಜರ್‌ಗೆ ಉಂಗುರ ಬೆರಳು ಎ ತಂತಿಯ ಮೂರನೇ ಫ್ರೆಟ್‌ನಲ್ಲಿ, ಅಷ್ಟೇ. ಎ ಮೈನರ್‌ಗೆ ಮಧ್ಯದ ಬೆರಳು ಜಿ ತಂತಿಯ ಎರಡನೇ ಫ್ರೆಟ್‌ನಲ್ಲಿ. ಅದನ್ನು ಎತ್ತದೆ ತೋರುಬೆರಳನ್ನು ಇ ತಂತಿಯ ಒಂದನೇ ಫ್ರೆಟ್ ಮೇಲಿಟ್ಟರೆ ಎಫ್. ಗಿಟಾರಿನಲ್ಲಿ ನನ್ನನ್ನು ಓಡಿಸಿದ ಅದೇ ಎಫ್ ಇಲ್ಲಿ ಎರಡೇ ಬೆರಳಿಗೆ ಸಿಕ್ಕಿಬಿಟ್ಟಿತು! ನಾಲ್ಕನೆಯದು ಜಿ. ಇದು ಸ್ವಲ್ಪ ತರಲೆ. ಸಿ ಮತ್ತು ಎ ತಂತಿಗಳ ಎರಡನೇ ಫ್ರೆಟ್, ಇ ತಂತಿಯ ಮೂರನೇ ಫ್ರೆಟ್, ಒಟ್ಟು ಮೂರು ಬೆರಳಿನ ತ್ರಿಕೋನ. ಸಿ-ಯಿಂದ ಜಿ-ಗೆ ಹೋಗೋವಾಗ ನನ್ನ ಬೆರಳುಗಳು ಬಸ್ ಬಂದಾಗ ಸ್ಟಾಪಿನಲ್ಲಿರೋ ಜನರ ಥರ ಒಂದರ ಮೇಲೊಂದು ಬೀಳುತ್ತಿದ್ದವು.

ಇದಕ್ಕೆ ಉಪಾಯ ಒಂದೇ. ಹಾಡು ಬದಿಗಿಟ್ಟು, ಒಂದು ನಿಮಿಷಕ್ಕೆ ಟೈಮರ್ ಇಟ್ಟು, ಎರಡೇ ಕಾರ್ಡ್‌ಗಳ ನಡುವೆ ಎಷ್ಟು ಸಲ ಓಡಾಡೋಕೆ ಆಗುತ್ತೆ ಅಂತ ಎಣಿಸೋದು. ಮೊದಲ ದಿನ ನನಗೆ ಒಂಬತ್ತು. ಮೂರನೇ ವಾರಕ್ಕೆ ಮೂವತ್ತೊಂದು. ಆಫೀಸಿನಲ್ಲಿ ಡ್ಯಾಶ್‌ಬೋರ್ಡ್ ನೋಡಿ ನೋಡಿ ಕೆಟ್ಟ ಮನಸ್ಸಿಗೆ ಈ ಥರದ ಅಂಕಿ ಬಹಳ ಹಿತ. ವರ್ಕ್ ಫ್ರಮ್ ಹೋಮ್ ದಿನ ಬಿಲ್ಡ್ ಓಡುತ್ತಿರೋ ಹತ್ತು ನಿಮಿಷ ಇದಕ್ಕೇ. ವಾರಕ್ಕೊಮ್ಮೆ ಎರಡು ಗಂಟೆ ಕೂರೋದಕ್ಕಿಂತ ದಿನಾ ಹತ್ತು ನಿಮಿಷ ನನಗಂತೂ ಚೆನ್ನಾಗಿ ಕೆಲಸ ಮಾಡಿತು.

ಬೆರಳನ್ನು ಫ್ರೆಟ್‌ನ ಲೋಹದ ಪಟ್ಟಿಯ ಮೇಲಲ್ಲ, ಅದರ ಹಿಂದೆಯೇ ಒತ್ತಬೇಕು. ಆಗ ಕಡಿಮೆ ಬಲ ಸಾಕು. ಎಡಗೈ ಉಗುರು ಬೆಳೆಸೋರು ಈಗಲೇ ಬೀಳ್ಕೊಡಿ. ಬಲಗೈ ತೋರುಬೆರಳಿನ ಉಗುರಿನಿಂದ, ಕುತ್ತಿಗೆ ಮೈಗೆ ಸೇರೋ ಜಾಗದ ಹತ್ತಿರ ಕೆಳಮುಖವಾಗಿ ಸವರಿ. ಮಣಿಕಟ್ಟು ಸಡಿಲವಾಗಿರಲಿ, ಕೈಗಂಟಿದ ನೀರು ಕೊಡವಿದ ಹಾಗೆ. ಬೆರಳ ತುದಿ ಒಂದೆರಡು ವಾರ ಉರಿಯುತ್ತೆ, ಆಮೇಲೆ ಹೋಗುತ್ತೆ.

ಅಂದ ಹಾಗೆ, ಇದು ಹವಾಯಿಯ ವಾದ್ಯ ಅಂತ ಎಲ್ಲರೂ ಹೇಳ್ತೀವಿ. ಬೇರು ಪೋರ್ಚುಗಲ್ಲಿನ ಮಡೀರಾ ದ್ವೀಪದ್ದು. 1879ರಲ್ಲಿ ರೇವನ್ಸ್‌ಕ್ರ್ಯಾಗ್ ಅನ್ನೋ ಹಡಗಿನಲ್ಲಿ ಕಬ್ಬಿನ ತೋಟದ ಕೂಲಿಗೆ ಹೊನೊಲುಲುಗೆ ಬಂದವರಲ್ಲಿ ಮೂವರು ಬಡಗಿಗಳಿದ್ದರು: ಮ್ಯಾನುಯೆಲ್ ನೂನೆಸ್, ಆಗಸ್ಟೊ ಡಿಯಾಸ್, ಜೋಸೆ ಡೊ ಎಸ್ಪಿರಿಟೊ ಸಾಂಟೊ. ತಮ್ಮೂರಿನ ಪುಟ್ಟ ತಂತಿವಾದ್ಯದ ನೆನಪಿನಲ್ಲಿ ಇವರು ಅಲ್ಲಿ ಮಾಡತೊಡಗಿದ್ದೇ ಯುಕುಲೇಲಿ ಆಯಿತು. ರಾಜ ಕಲಾಕೌವ ಅದಕ್ಕೆ ಅರಮನೆಯಲ್ಲಿ ಜಾಗ ಕೊಟ್ಟ. ಹೆಸರಿಗೆ 'ಹಾರೋ ಚಿಗಟ' ಅಂತ ಅರ್ಥ ಹೇಳ್ತಾರೆ. ಅಮ್ಮನಿಗೆ ಇದನ್ನು ಹೇಳಿದಾಗ, 'ಪಾಪ, ಕೂಲಿಗೆ ಹೋದವರೂ ವಾದ್ಯ ಬಿಡಲಿಲ್ಲ ನೋಡು' ಅಂದಳು. ಅಂದು ಕಿಟಕಿ ಕಡೆ ತಿರುಗಿದಳು.

ಅವಳಿಗೆ ವೀಣೆ ಬಿಟ್ಟು ಮೂವತ್ತೆರಡು ವರ್ಷ. ಈಗ ಮಂಡಿ ನೋವು, ನೆಲದ ಮೇಲೆ ಚಕ್ಕಳಮಕ್ಕಳ ಹಾಕೋಕೆ ಆಗಲ್ಲ. 'ಇನ್ನೇನು, ಮುಗೀತಲ್ಲ' ಅಂತ ಅವಳೇ ತೀರ್ಮಾನ ಮಾಡಿಬಿಟ್ಟಿದ್ದಳು. ಯುಕುಲೇಲಿಗೆ ನೆಲ ಬೇಕಿಲ್ಲ. ಡೈನಿಂಗ್ ಟೇಬಲ್ಲಿನ ಕುರ್ಚಿ ಸಾಕು. ಒಂದು ಮಧ್ಯಾಹ್ನ ನಾನು ಮೀಟಿಂಗ್ ಮುಗಿಸಿ ಹೊರಗೆ ಬಂದರೆ ಅವಳ ಮಡಿಲಲ್ಲಿ ಅದು ಇತ್ತು. ಮೋಹನದ ಆರೋಹಣ ಹುಡುಕಿಕೊಂಡಿದ್ದಳು. ಸಿ ತಂತಿ ಖಾಲಿ, ಅದರ ಎರಡನೇ ಫ್ರೆಟ್, ಇ ಖಾಲಿ, ಅದರ ಮೂರನೇ ಫ್ರೆಟ್, ಎ ಖಾಲಿ, ಅದರ ಮೂರನೇ ಫ್ರೆಟ್. ಸ ರಿ ಗ ಪ ದ ಸ. ಒತ್ತಬೇಕಾದ್ದು ಮೂರೇ ಕಡೆ. ಮರುದಿನ ಮಾಯಾಮಾಳವಗೌಳದ ಸರಳೆ ವರಸೆ.

ದೂರುಗಳೂ ಬಂದವು. ನೈಲಾನ್ ತಂತಿ ಎಳೆದರೆ ವೀಣೆಯ ಹಾಗೆ ಸ್ವರ ಏರಲ್ಲ, ಗಮಕವೇ ಇಲ್ಲ ಅಂತ ಗೊಣಗಿದಳು. ಜಾರು ಮಾತ್ರ ಒಂದಿಷ್ಟು ಬರುತ್ತೆ. ಮಂದ್ರದ ಪಂಚಮ ಇಲ್ಲ ಅಂತ ಇನ್ನೊಂದು. ಇದೂ ನಿಜ, ಸಿ-ಗಿಂತ ಕೆಳಗೆ ಸ್ವರವೇ ಇಲ್ಲ. ಷಡ್ಜವನ್ನು ಎಫ್‌ಗೆ ಸರಿಸಿದರೆ ಆ ಖಾಲಿ ಸಿ ತಂತಿಯೇ ಮಂದ್ರ ಪಂಚಮ ಆಗುತ್ತೆ. ಇದನ್ನು ನಾನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. 'ಎಂಜಿನಿಯರಿಂಗ್ ಓದಿಸಿದ್ದು ದಂಡ ಆಗಲಿಲ್ಲ' ಅಂತ ಸರ್ಟಿಫಿಕೇಟ್ ಸಿಕ್ಕಿತು.

ನನ್ನ ಮೊದಲ ಕಛೇರಿ ಅಣ್ಣನ ಮಗಳ ಹುಟ್ಟುಹಬ್ಬದಲ್ಲಿ. ಆ ಹಾಡಿಗೆ ಸಿ, ಎಫ್ ಮತ್ತು ಜಿ ಸೆವೆನ್ ಮೂರು ಸಾಕು, ಮೂರು ಎಣಿಕೆಯ ತಾಳ. ಹೆಸರು ಬರೋ ಜಾಗದಲ್ಲಿ ಎಫ್ ಹಿಡಿಯೋದು ತಡವಾಗಿ ಕೈ ನಿಂತೇಹೋಯ್ತು. ಮಕ್ಕಳು ಯಾರೂ ಕಾಯಲಿಲ್ಲ, ಹಾಡಿಕೊಂಡು ಮುಂದೆ ಹೋದರು, ನಾನು ಕೊನೇ ಸಾಲಿಗೆ ಓಡಿ ಸೇರಿಕೊಂಡೆ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ಹಾಸನಕ್ಕೆ ಹೊರಟ ದಿನ ಚಕ್ಕುಲಿ ಡಬ್ಬ ತುಂಬುತ್ತಾ, 'ನಿಂಗೆ ಹೇಗೂ ಆಫೀಸಲ್ಲಿ ಪುರುಸೊತ್ತಿರಲ್ಲ' ಅಂದಳು. ಮುಂದಿನದನ್ನು ಹೇಳೋಕೆ ಅವಳಿಗೆ ಸಂಕೋಚ. ಬ್ಯಾಗಿನಲ್ಲಿ ಸೀರೆಗಳ ಮಧ್ಯೆ ಯುಕುಲೇಲಿಯನ್ನು ನಾನೇ ಇಟ್ಟೆ. ಹೊಸದು ಮೊನ್ನೆ ಬಂತು. ಇದರ ತಂತಿಯೂ ಹತ್ತು ನಿಮಿಷಕ್ಕೊಮ್ಮೆ ಇಳೀತಿದೆ. ನಿನ್ನೆ ರಾತ್ರಿ ಫೋನ್ ಸ್ಪೀಕರಿನಲ್ಲಿಟ್ಟು ನುಡಿಸುತ್ತಿದ್ದೆ, ಆ ಕಡೆಯಿಂದ ಅಮ್ಮ ಅಂದಳು: 'ಈ ಸಲ ಪಂಚಮ ಕಣೇ.'