ಸಣ್ಣ ಇಡುಗಂಟು ಬೆಳೆಯುವುದೆಂತು, ಕರಗುವುದೆಂತು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮನೆಯ ಅಟ್ಟವೇ ಬ್ಯಾಂಕು. ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿದರೆ, ಒಳಗಿನ ನೀರು ಆರಿ, ತಿರುಳು ಕರಟವನ್ನು ಬಿಟ್ಟು ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ನೀರಿನ ಸದ್ದು ಹೋಗಿ ಗಡಗಡ ಸದ್ದು ಕೇಳಿಸಿದರೆ ಮಾಲು ಸಿದ್ಧವೆಂದು ಅರ್ಥ. ಆದರೆ ಆಗ ಒಳ್ಳೆಯ ಬೆಲೆಯೂ ಸಿದ್ಧವಾಗಿರುವುದೆಂಬ ಭರವಸೆಯಿಲ್ಲ. 2023ರಲ್ಲಿ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದರೂ ತಿಪಟೂರಿನ ಧಾರಣೆ ಅದಕ್ಕಿಂತ ಕೆಳಗಿಳಿದಿತ್ತು. 2025ರ ಮಧ್ಯದ ವೇಳೆಗೆ ಅದೇ ಧಾರಣೆ 20,000 ರೂಪಾಯಿಗಳನ್ನು ದಾಟಿತು. ಇದನ್ನು ಮುಂದಾಗಿ ಅರಿತವರು ಯಾರು? ಆದುದರಿಂದಲೇ, ಅನುಕೂಲವುಳ್ಳ ರೈತನು ಅಟ್ಟವನ್ನೆಲ್ಲ ಒಂದೇ ಹರಾಜಿಗೆ ಬರಿದುಮಾಡುವುದಿಲ್ಲ. ಒಂದಿಷ್ಟನ್ನು ಮಾರಿ ಒಂದಿಷ್ಟನ್ನು ಉಳಿಸಿಕೊಳ್ಳುತ್ತಾನೆ. ಸಾಲದವನು ಬಾಗಿಲಲ್ಲಿ ನಿಂತಿರುವ ರೈತನಿಗೆ ಈ ಸ್ವಾತಂತ್ರ್ಯವಿಲ್ಲ.

ಈ ಅಟ್ಟದ ಲೆಕ್ಕಕ್ಕೂ ಇಸ್ಪೀಟಿನ ಲೆಕ್ಕಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ನೂರು ರೂಪಾಯಿಯಿಂದ ಆರಂಭಿಸಿ, ಪೋಕರ್ ಆಡಿ ಅದನ್ನು ಲಕ್ಷವಾಗಿಸಬಹುದೇ ಎಂಬ ಪ್ರಶ್ನೆಯನ್ನು ಇಂದು ಕಾಲೇಜು ವಿದ್ಯಾರ್ಥಿಗಳ ಬಾಯಲ್ಲಿ ಕೇಳುತ್ತೇವೆ. ಅಂದರ್ ಬಾಹರ್‌ನಲ್ಲಿ ಎಲೆ ಬಿದ್ದತ್ತ ಗೆಲುವು. ಆಟಗಾರನ ಬುದ್ಧಿಗೆ ಅಲ್ಲಿ ಕೆಲಸವಿಲ್ಲ. ಪೋಕರಿನಲ್ಲಾದರೋ ಪಣವನ್ನು ಏರಿಸುವುದೋ ಎಲೆಗಳನ್ನು ಕೆಳಗಿಟ್ಟು ಹಿಂದೆ ಸರಿಯುವುದೋ ಎಂದು ಆಟಗಾರನು ಪ್ರತಿ ಸುತ್ತಿನಲ್ಲಿಯೂ ತೀರ್ಮಾನಿಸಬೇಕು. ಆದಕಾರಣ ನೈಪುಣ್ಯಕ್ಕೆ ಅಲ್ಲಿ ಬೆಲೆಯಿದೆ. ಆದರೆ ನೈಪುಣ್ಯವೊಂದೇ ಸಾಕೇ?

ಮೊದಲು ಒಂದು ಸುಲಭವಾದ ಲೆಕ್ಕ. ಸಮಬಲರಾದ ಇಬ್ಬರು ಗೆಳೆಯರು ತಲಾ 100 ರೂಪಾಯಿ ಇಟ್ಟುಕೊಂಡು, ಪ್ರತಿ ಆಟಕ್ಕೂ ತಲಾ 10 ರೂಪಾಯಿ ಪಣವೊಡ್ಡುತ್ತಾರೆನ್ನೋಣ. ಆಟ ನಡೆಸುವ ಮನೆಯವನು ಪ್ರತಿ ಆಟದಿಂದಲೂ ತನ್ನ ಪಾಲೆಂದು ಒಂದೇ ಒಂದು ರೂಪಾಯಿಯನ್ನು ತೆಗೆದುಕೊಳ್ಳಲಿ. ನೂರು ಆಟಗಳು ನಡೆದರೆ, ಗೆದ್ದವರು ಯಾರೇ ಆಗಿರಲಿ, ಇಬ್ಬರ ಹಣದಲ್ಲಿ ಅರ್ಧ ಮನೆಯವನ ಪೆಟ್ಟಿಗೆ ಸೇರಿರುತ್ತದೆ. ಎದುರಾಳಿಗಿಂತ ತುಸು ಜಾಣನಾಗಿದ್ದರೆ ಸಾಲದು; ಮನೆಯವನ ಪಾಲನ್ನೂ ಮೀರಿಸುವಷ್ಟು ಜಾಣನಾಗಿರಬೇಕು. ಅಂಥವರು ವಿರಳ.

ನಮ್ಮ ಆಟಗಾರನು ಆ ವಿರಳರಲ್ಲಿ ಒಬ್ಬನೆಂದೇ ಭಾವಿಸೋಣ. ಪಾಲು ಕಳೆದ ಮೇಲೂ ಅವನು 100 ಆಟಗಳಲ್ಲಿ ಸರಾಸರಿ 55ನ್ನು ಗೆಲ್ಲುವನು. ಗೆದ್ದರೆ ಪಣದಷ್ಟು ಬರುತ್ತದೆ, ಸೋತರೆ ಪಣ ಹೋಗುತ್ತದೆ. ಅವನು ದಿವಾಳಿಯಾಗುವ ಸಂಭವವೆಷ್ಟು? ಇದು ಹಳೆಯ ಪ್ರಶ್ನೆ. 17ನೆಯ ಶತಮಾನದಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಇದನ್ನು ಚರ್ಚಿಸಿದರು. ಡಚ್ ವಿಜ್ಞಾನಿ ಹಾಯ್ಗೆನ್ಸನು 1657ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದರ ಒಂದು ರೂಪವನ್ನು ಓದುಗರಿಗೆ ಸಮಸ್ಯೆಯಾಗಿ ಒಡ್ಡಿದನು. ಉತ್ತರ ಸರಳವಾಗಿದೆ. ಸೋಲಿನ ಸಂಭವವನ್ನು ಗೆಲುವಿನ ಸಂಭವದಿಂದ ಭಾಗಿಸಿದರೆ 9/11 ಬರುತ್ತದೆ. ಇಡುಗಂಟು ಎಷ್ಟು ಪಣಗಳಿಗೆ ಸಮವೋ ಅಷ್ಟು ಸಲ ಈ ಭಿನ್ನರಾಶಿಯನ್ನು ತನ್ನಿಂದಲೇ ಗುಣಿಸಬೇಕು. ಕೈಯಲ್ಲಿರುವುದು 5 ಪಣದಷ್ಟು ಹಣವಾದರೆ, ಅವನು ಎಂದಾದರೊಂದು ದಿನ ಬರಿಗೈಯಾಗುವ ಸಂಭವ ಸುಮಾರು ಶೇಕಡ 37. ಹತ್ತು ಪಣದಷ್ಟಿದ್ದರೆ ಶೇಕಡ 13. ಇಪ್ಪತ್ತು ಪಣದಷ್ಟಿದ್ದರೆ ಶೇಕಡ 2ಕ್ಕೂ ಕಡಿಮೆ. ಆಟಗಾರನೂ ಅವನೇ, ಜಾಣತನವೂ ಅಷ್ಟೇ. ಬದಲಾದುದು ಗಂಟಿಗೂ ಪಣಕ್ಕೂ ಇರುವ ಪ್ರಮಾಣ ಮಾತ್ರ.

ಹಾಗಾದರೆ ಪ್ರತಿ ಆಟದಲ್ಲಿಯೂ ಕೈಯಲ್ಲಿರುವ ಹಣದ ಎಷ್ಟನೆಯ ಪಾಲನ್ನು ಒಡ್ಡಬೇಕು? ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆಲಸಮಾಡುತ್ತಿದ್ದ ಜೆ. ಎಲ್. ಕೆಲ್ಲಿ ಎಂಬಾತನು 1956ರಲ್ಲಿ ಇದಕ್ಕೆ ಸೂತ್ರವನ್ನು ಕೊಟ್ಟನು. ಮೇಲೆ ಹೇಳಿದಂಥ ಆಟಕ್ಕೆ ಅದು ಹೀಗಾಗುತ್ತದೆ: ಗೆಲುವಿನ ಸಂಭವದಿಂದ ಸೋಲಿನ ಸಂಭವವನ್ನು ಕಳೆ. ನಮ್ಮ ಆಟಗಾರನಿಗೆ 55ರಿಂದ 45 ಕಳೆದರೆ 10. ಅಂದರೆ ಗಂಟಿನ ಶೇಕಡ 10. ಅವನು 100 ಆಟಗಳಲ್ಲಿ ಸರಿಯಾಗಿ 55ನ್ನು ಗೆದ್ದರೆ 100 ರೂಪಾಯಿ 165 ಆಗುತ್ತದೆ. ಇಷ್ಟು ನಿಧಾನವಾದರೆ ಪ್ರಯೋಜನವೇನೆಂದು ಪ್ರತಿ ಸಲವೂ ಶೇಕಡ 20ನ್ನು ಒಡ್ಡಿದನೆನ್ನಿ. ಅದೇ 55 ಗೆಲುವುಗಳಿಂದ ಅವನಿಗೆ ಉಳಿಯುವುದು 98 ರೂಪಾಯಿ 63 ಪೈಸೆ! ಶೇಕಡ 40ನ್ನು ಒಡ್ಡಿದರೆ 1 ರೂಪಾಯಿ 13 ಪೈಸೆ. ಗೆಲುವುಗಳು ಮೊದಲು ಬಂದರೂ ಕೊನೆಗೆ ಬಂದರೂ ಉತ್ತರ ಬದಲಾಗದು. ಗುಣಾಕಾರದಲ್ಲಿ ಸಂಖ್ಯೆಗಳ ಕ್ರಮಕ್ಕೆ ಮಹತ್ವವಿಲ್ಲವಷ್ಟೆ.

ಹೆಚ್ಚು ಸಲ ಗೆದ್ದವನು ಹಣ ಕಳೆದುಕೊಳ್ಳುವುದು ಹೇಗೆ? 100 ರೂಪಾಯಿಯಲ್ಲಿ ಶೇಕಡ 40 ಹೋದರೆ ಉಳಿಯುವುದು 60. ಆ ಅರವತ್ತಕ್ಕೆ ಶೇಕಡ 40 ಸೇರಿದರೆ 84 ಆಗುತ್ತದೆಯೇ ಹೊರತು 100 ಆಗುವುದಿಲ್ಲ. ಒಂದು ಸೋಲು, ಒಂದು ಗೆಲುವು, ಆದರೂ 16 ರೂಪಾಯಿ ನಷ್ಟ. ಪಣದ ಪಾಲು ದೊಡ್ಡದಾದಷ್ಟೂ ಈ ಗುಪ್ತ ಸೋರಿಕೆ ದೊಡ್ಡದು.

ಸಣ್ಣ ಗಂಟನ್ನು ಬೆಳೆಸಿ ತೋರಿಸಿದವರು ಇಲ್ಲದಿಲ್ಲ. 2000ದಲ್ಲಿ ಪೋಕರಿನ ವಿಶ್ವಸ್ಪರ್ಧೆಯನ್ನು ಗೆದ್ದ, ಗಣಕ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಿದ್ದ ಅಮೆರಿಕದ ಕ್ರಿಸ್ ಫರ್ಗುಸನ್ 2006ರಲ್ಲಿ ಒಂದು ಪಂಥ ಕಟ್ಟಿದನು: ಕೈಯಿಂದ ಒಂದು ಕಾಸನ್ನೂ ಹಾಕದೆ, ಶುಲ್ಕವಿಲ್ಲದ ಸ್ಪರ್ಧೆಗಳಲ್ಲಿ ದೊರೆತ ಚಿಲ್ಲರೆಯಿಂದಲೇ 10,000 ಡಾಲರ್ ಸಂಪಾದಿಸುವುದು. ಗಂಟಿನ ಶೇಕಡ 5ಕ್ಕಿಂತ ಹೆಚ್ಚನ್ನು ಒಂದು ಮೇಜಿಗೆ ಒಯ್ಯಬಾರದು, ಬಹುಮಂದಿ ಸೇರುವ ಸ್ಪರ್ಧೆಗೆ ಶೇಕಡ 2ಕ್ಕಿಂತ ಹೆಚ್ಚನ್ನು ತೆರಬಾರದು ಎಂಬುದು ಅವನ ನಿಯಮ. ಆರಂಭದ ಅತಿ ಸಣ್ಣ ಮೊತ್ತಗಳಿಗೆ ಮಾತ್ರ ಇದರಿಂದ ವಿನಾಯಿತಿ. ಪಂಥವನ್ನು ಗೆದ್ದನು, ಆದರೆ ಜಗಜ್ಜೇತನಾದ ಅವನಿಗೂ ಒಂದು ವರ್ಷಕ್ಕೂ ಮಿಗಿಲಾದ ಕಾಲ ಹಿಡಿಯಿತು. ಆ ಆಟ ನಡೆದ ಜಾಲತಾಣದಲ್ಲಿ ಅವನಿಗೂ ಪಾಲಿತ್ತೆಂಬುದನ್ನು ಮರೆಯಬಾರದು. ಇಂಥ ಕಥೆಗಳು ಯಾರ ಪೆಟ್ಟಿಗೆಯನ್ನು ತುಂಬಲು ಹುಟ್ಟುತ್ತವೆಂದು ವಿದ್ಯಾರ್ಥಿಗಳು ಯೋಚಿಸಬೇಕು. ನಮ್ಮ ದೇಶದಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ನಿಷೇಧಿಸಿತು.

ಕೆಲ್ಲಿಯ ಸೂತ್ರದಲ್ಲಿ ಒಂದು ತೊಡಕುಂಟು. ಗೆಲುವಿನ ಸಂಭವ 55 ಎಂದು ನಾವು ಊಹಿಸಿದೆವು. ನಿಜವಾಗಿ ಅದು 52 ಆಗಿದ್ದರೆ ಶೇಕಡ 10ರ ಪಣವೇ ಗಂಟನ್ನು ಕರಗಿಸುತ್ತದೆ. ತನ್ನ ಜಾಣತನವನ್ನು ಅಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲವಾದುದರಿಂದ, ಸೂತ್ರ ಹೇಳಿದುದರ ಅರ್ಧವನ್ನೋ ಅದಕ್ಕೂ ಕಡಿಮೆಯನ್ನೋ ಒಡ್ಡುವುದು ಬಲ್ಲವರ ರೂಢಿ. ಮುಂದಿನ ಧಾರಣೆಯನ್ನರಿಯದ ರೈತನು ಅಟ್ಟದ ಒಂದು ಮೂಲೆಯನ್ನಷ್ಟೇ ಹರಾಜಿಗೆ ಇಳಿಸುವುದೂ, ಧಾರಣೆ ಏರಿಯೇ ಏರುವುದೆಂದು ಸಾಲ ತಂದು ಗೋದಾಮನ್ನು ತುಂಬಿದ ಸಣ್ಣ ವರ್ತಕನು ಒಂದೇ ಇಳಿತಕ್ಕೆ ಅಂಗಡಿ ಮುಚ್ಚುವುದೂ ಇದೇ ಗಣಿತ.

ಇದನ್ನು ಹಣವಿಲ್ಲದೆಯೇ ಪರೀಕ್ಷಿಸಬಹುದು. ಒಂದೇ ಗಾತ್ರದ 20 ಹುಣಸೆ ಬೀಜಗಳನ್ನು ಆಯ್ದು, ಒಂಬತ್ತಕ್ಕೆ ಸುಣ್ಣ ಬಳಿದು ಒಣಗಿಸಿ, ಎಲ್ಲವನ್ನೂ ಚೀಲಕ್ಕೆ ಹಾಕಿ. ನೋಡದೆ ಒಂದನ್ನು ತೆಗೆಯಿರಿ: ಕರಿಯ ಬೀಜ ಬಂದರೆ ಗೆಲುವು, ಬಿಳಿಯದು ಬಂದರೆ ಸೋಲು. ಪ್ರತಿ ಸಲವೂ ಬೀಜವನ್ನು ಹಿಂದಕ್ಕೆ ಹಾಕಿ ಕಲಕಬೇಕು. ಕಾಗದದ ಮೇಲೆ 100 ರೂಪಾಯಿಗಳ ಎರಡು ಲೆಕ್ಕಗಳನ್ನು ತೆರೆದು, ಒಂದರಲ್ಲಿ ಶೇಕಡ 10, ಇನ್ನೊಂದರಲ್ಲಿ ಶೇಕಡ 40 ಪಣವಿಡುತ್ತ ನೂರು ಸಲ ಬರೆಯಿರಿ. ಅದೃಷ್ಟ ಚೆನ್ನಾಗಿದ್ದು ಐವತ್ತೈದರ ಬದಲು 60 ಗೆಲುವುಗಳು ಬಂದವೆನ್ನಿ. ಮೊದಲನೆಯ ಲೆಕ್ಕದಲ್ಲಿ ಸುಮಾರು 450 ರೂಪಾಯಿ ಇರುತ್ತದೆ. ಎರಡನೆಯದರಲ್ಲಿ, ಅದೇ ಅರವತ್ತು ಗೆಲುವುಗಳ ಬಳಿಕ, 78.